ಪದವಿ ಇದೆ, ಮುಂದಿನ ಓದಿಗೆ ಹಣವೆಲ್ಲಿ?

ಕಳೆದ ತಿಂಗಳು ಒಂದು ರಾತ್ರಿ, ಹೋಟೆಲುಗಳ ಶಟರು ಇಳಿದ ಮೇಲೆ, ಸಂಘದ ಕಚೇರಿಗೆ ನಮ್ಮ ಸದಸ್ಯರೊಬ್ಬರು ಬಂದರು. ವಯಸ್ಸು 38. ಮಾಣಿಯಾಗಿ ಸೇರಿ, ಸಪ್ಲಾಯರಾಗಿ, ಈಗ ಗಲ್ಲಾದ ಮೇಲೆ ಕೂರುವವರು. ಒಂದೇ ಹೋಟೆಲಿನಲ್ಲಿ 16 ವರ್ಷ ಸವೆಸಿದ್ದಾರೆ. ರಾತ್ರಿ ಶಾಲೆಯಲ್ಲಿ ಮೆಟ್ರಿಕ್, ಆಮೇಲೆ ಹನ್ನೆರಡನೆಯದು, ಅನಂತರ ಅಂಚೆಯ ಮೂಲಕ ಬಿ.ಎ. ಇಷ್ಟನ್ನೂ ಪಾಳಿಯ ನಡುವೆಯೇ ಮುಗಿಸಿದವರು. ಈಗ ವಕೀಲರಾಗಬೇಕೆಂಬುದು ಅವರ ಹಂಬಲ. ಕೈಯಲ್ಲಿ ಒಂದು ಸಣ್ಣ ಗಂಟು ಇತ್ತು. ಹೆಂಡತಿಯ ಬಳೆ, ಸರ. “ನಾಳೆ ಇದನ್ನು ಅಡವಿಟ್ಟು ಫೀಸು ಕಟ್ಟುತ್ತೇನೆ, ಕೆಲಸಕ್ಕೂ ರಾಜೀನಾಮೆ ಕೊಡುತ್ತೇನೆ. ಈ ಸ್ಟೂಲಿನ ಮೇಲೆಯೇ ನಾನು ಮುದುಕನಾಗಬಾರದು ಮಾರಾಯರೇ” ಎಂದರು.

ಆ ಗಂಟನ್ನು ಅವರು ಬಿಚ್ಚದಂತೆ ನಾವು ತಡೆದೆವು. ಆದರೆ ಅವರ ಹಂಬಲವನ್ನು ತಡೆಯುವ ಹಕ್ಕು ನಮಗಿಲ್ಲ. ಹಾಗಾದರೆ ಹಣ ಎಲ್ಲಿಂದ? ಈ ಪ್ರಶ್ನೆ ಅವರೊಬ್ಬರದಲ್ಲ. ಹಗಲು ದುಡಿದು ರಾತ್ರಿ ಓದಿ ಪದವಿ ಪಡೆದೂ ಅದೇ ಗಲ್ಲಾದಲ್ಲಿ, ಅದೇ ಗೋದಾಮಿನಲ್ಲಿ ಉಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸೋಣ.

ಮೊದಲು, “ಈ ವಯಸ್ಸಿನಲ್ಲಿ ಎಂಥ ಓದು? ಪದವಿ ಇದೆಯಲ್ಲ, ಸಾಲದೇ?” ಎಂದು ನಗುವವರಿಗೆ ಒಂದು ಮಾತು. ಪರಳದ ಬಿ.ಐ.ಟಿ. ಚಾಳಿನಲ್ಲಿ ಸಂಸಾರ ಹೂಡಿದ್ದ ಒಬ್ಬರು ಮುಂಬಯಿಯ ಬಿ.ಎ., ಅಮೇರಿಕದ ಎಂ.ಎ. ಎರಡನ್ನೂ ಪಡೆದಿದ್ದರು. ಬರೋಡೆಯ ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. 1918ರಲ್ಲಿ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಪಗಾರದಲ್ಲಿ ಉಳಿಸಿದರು. ಆ ಉಳಿತಾಯಕ್ಕೆ ಕೊಲ್ಲಾಪುರದ ಶಾಹೂ ಮಹಾರಾಜರ ನೆರವನ್ನೂ, ಗೆಳೆಯ ನವಲ್ ಭಠೇನಾರವರಿಂದ ತಂದ 5,000 ರೂಪಾಯಿ ಸಾಲವನ್ನೂ ಕೂಡಿಸಿ 1920ರಲ್ಲಿ ಪುನಃ ಹಡಗು ಹತ್ತಿದರು. ಬ್ಯಾರಿಸ್ಟರಾಗಿ ಬಂದ ಅವರು ಡಾ. ಬಾಬಾಸಾಹೇಬ ಅಂಬೇಡ್ಕರರು. ಅವರು ಹೊರಟದ್ದು ಮೂರು ಮೂಲಗಳ ಹಣದಿಂದ: ಸ್ವಂತ ಉಳಿತಾಯ, ಹಿರಿಯರ ನೆರವು, ನಂಬಿಕೆಯ ಸಾಲ. ಮೊದಲನೆಯದು ಉಳಿತಾಯ ಎಂಬುದನ್ನು ನಾವು ಮರೆಯಬಾರದು.

ಇನ್ನು ಸರಕಾರದ ಬಾಗಿಲು. ಅಲ್ಲಿ ಎರಡನೆಯ ಸಲ ಬಂದವನಿಗೆ ಮರ್ಯಾದೆ ಕಡಿಮೆ. ವಿದ್ಯಾಸಾಲದ ಬಡ್ಡಿಯನ್ನು ಓದಿನ ಅವಧಿಯಲ್ಲಿ ತಾನೇ ಭರಿಸುವ ಕೇಂದ್ರದ ಯೋಜನೆ 2009ರಿಂದ ಇದೆ. ಆದರೆ ಅದು ಒಬ್ಬನಿಗೆ ಒಂದೇ ಸಲ. ಪರಿಶಿಷ್ಟ ಜಾತಿಯವರ ಮೆಟ್ರಿಕೋತ್ತರ ವಿದ್ಯಾರ್ಥಿವೇತನದ ನಿಯಮವೂ ಅಂಥದೇ. ಬಿ.ಎ. ಆದವನು ಬಿ.ಕಾಂ.ಗೆ ಹೋದರೆ ವೇತನವಿಲ್ಲ, ಬಿ.ಎಡ್. ಮುಗಿಸಿದವನು ಎಲ್‌ಎಲ್.ಬಿ.ಗೆ ಹೋದರೆ ಇಲ್ಲ. ಒಂದು ಸಲ ಉಂಡವನು ಮತ್ತೆ ಪಂಕ್ತಿಯಲ್ಲಿ ಕೂರಬಾರದೆಂಬುದು ಸರಕಾರದ ನ್ಯಾಯ. ಮೊದಲ ಪದವಿಗೆ ಸರಕಾರದ ಬಿಡಿಗಾಸನ್ನೂ ಪಡೆಯದೆ ಸ್ವಂತ ಪಗಾರದಿಂದಲೇ ಓದಿದವನ ಗತಿಯೇನು? ಅವನು ಉಣ್ಣದೆಯೇ ಎಲೆ ಎತ್ತಿಸಿಕೊಂಡಂತಾಯಿತು.

ಬ್ಯಾಂಕಿನ ಸಾಲ ದೊರೆಯಬಹುದು. ಆದರೆ ಲೆಕ್ಕ ನೋಡಿ. 3 ಲಕ್ಷ ರೂಪಾಯಿಯನ್ನು ನೂರಕ್ಕೆ 10ರ ಬಡ್ಡಿಯಲ್ಲಿ 7 ವರ್ಷ ತೀರಿಸಿದರೆ ತಿಂಗಳಿಗೆ ಸುಮಾರು 4,980 ರೂಪಾಯಿ. ಒಟ್ಟು 4 ಲಕ್ಷ 18 ಸಾವಿರದಷ್ಟು. 22ರ ಹುಡುಗನಿಗೆ ಅದು ಹೊರೆಯಾದರೂ ಮುಂದೆ ದುಡಿಯಲು ವರ್ಷಗಳಿವೆ. 42ರಲ್ಲಿ ಆ ಕಂತು ಆರಂಭವಾದರೆ, ಮಗಳ ಕಾಲೇಜಿನ ಫೀಸು ಕಟ್ಟುವ ಕಾಲಕ್ಕೇ ಅದೂ ಬಂದು ನಿಲ್ಲುತ್ತದೆ. ಬ್ಯಾಂಕಿಗಿಂತ ಸುಲಭವೆಂದು ಭಿಶಿ ಎತ್ತುವುದು, ಚಿನ್ನ ಅಡವಿಡುವುದು, ಬಡ್ಡಿಯವನ ಬಳಿ ಹೋಗುವುದು ಇನ್ನೂ ಕೆಟ್ಟ ದಾರಿ. ಓದಿನ ಫಲ ಬರಲು ವರ್ಷಗಳು ಬೇಕು. ಬಡ್ಡಿ ಬರಲು ಒಂದು ತಿಂಗಳು ಸಾಕು.

ಹಾಗಾದರೆ ಕಾರ್ಮಿಕನ ಬಳಿ ಏನೂ ಇಲ್ಲವೇ? ಇದೆ. ಇದೆಯೆಂಬುದು ಅನೇಕರಿಗೆ ತಿಳಿದಿಲ್ಲ, ಅಷ್ಟೇ.

ಮೊದಲನೆಯದು ಗ್ರಾಚುಯಿಟಿ. 1972ರ ಕಾಯಿದೆಯಿಂದ ಬಂದ ಈ ಹಕ್ಕು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲಿನಲ್ಲಿ 5 ವರ್ಷ ಎಡೆಬಿಡದೆ ಕೆಲಸ ಮಾಡಿದವನು ತಾನಾಗಿ ರಾಜೀನಾಮೆ ಕೊಟ್ಟರೂ, ಪ್ರತಿ ವರ್ಷಕ್ಕೆ 15 ದಿನದ ಪಗಾರ ಅವನಿಗೆ ಸಲ್ಲಬೇಕು. ತಿಂಗಳನ್ನು 26 ದಿನಕ್ಕೆ ಹಿಡಿಯುತ್ತಾರೆ. ಕೊನೆಯ ಪಗಾರ 20,800 ರೂಪಾಯಿ ಎನ್ನಿ. ದಿನಕ್ಕೆ 800, ವರ್ಷಕ್ಕೆ 12,000, ಹದಿನಾರು ವರ್ಷಕ್ಕೆ 1,92,000 ರೂಪಾಯಿ. 30 ದಿನದೊಳಗೆ ಕೊಡಬೇಕು. ತಡವಾದರೆ ಬಡ್ಡಿ ಸಹಿತ. ಪಗಾರವನ್ನು ಒಡೆದು ಹೆಚ್ಚಿನ ಪಾಲನ್ನು ಭತ್ಯೆ ಎಂದು ಬರೆಯುವ ಹಳೆಯ ಜಾಣತನಕ್ಕೂ ಸಂಹಿತೆ ಮಿತಿ ಹಾಕಿದೆ. ಅರ್ಧಕ್ಕಿಂತ ಹೆಚ್ಚಾದ ಭತ್ಯೆ ಮತ್ತೆ ಪಗಾರದ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಆ ಸದಸ್ಯರಿಗೆ ಈ ಹಣದ ವಿಷಯವೇ ಗೊತ್ತಿರಲಿಲ್ಲ. ಧಣಿಗಳು ಒಳ್ಳೆಯವರೆಂದು ಕೈಮುಗಿದು ಬರಿಗೈಯಲ್ಲಿ ಹೊರಡುವವರಿದ್ದರು! ಹಾಜರಿ, ಪಗಾರದ ಚೀಟಿ, ಇ.ಎಸ್.ಐ. ಕಾರ್ಡು ಇವೆಲ್ಲ ಇಂಥ ದಿನಕ್ಕಾಗಿಯೇ ಜೋಪಾನ ಮಾಡಬೇಕಾದವು.

ಎರಡನೆಯದು ಭವಿಷ್ಯನಿಧಿ. ಹಳೆಯ ನಿಯಮದಂತೆ ಸದಸ್ಯನು ತನ್ನ ಮದುವೆಗೆ ಮುಂಗಡ ಪಡೆಯಬಹುದಿತ್ತು. ಮಗ ಮಗಳ ಓದಿಗೂ ಪಡೆಯಬಹುದಿತ್ತು. ತನ್ನ ಓದಿಗೆ ಮಾತ್ರ ಇಲ್ಲ! ಕಾರ್ಮಿಕನು ಮದುವೆಯಾಗಬಹುದು, ಓದಬಾರದೆಂದು ಬರೆದವರು ಎಣಿಸಿದ್ದಿರಬೇಕು. 2025ರ ಅಕ್ಟೋಬರಿನಲ್ಲಿ ನಿಧಿಯ ಕೇಂದ್ರ ಮಂಡಳಿ 13 ಬಗೆಯ ಮುಂಗಡಗಳನ್ನು ಮೂರು ವಿಭಾಗಗಳಿಗೆ ಇಳಿಸಲು, ಓದಿನ ಕಾರಣಕ್ಕೆ ಹತ್ತು ಸಲದವರೆಗೆ ಹಣ ತೆಗೆಯಲು ಬಿಡಲು, ನೂರಕ್ಕೆ 25ರಷ್ಟನ್ನು ಖಾತೆಯಲ್ಲಿ ಉಳಿಸಲು ತೀರ್ಮಾನಿಸಿತು. ಅರ್ಜಿ ಹಾಕುವ ಮುನ್ನ ಕಚೇರಿಗೆ ಬನ್ನಿ, ಕೂತು ನೋಡೋಣ. ಆದರೆ ಒಂದು ಎಚ್ಚರಿಕೆ: ಪೆನ್ಶನ್ ಪಾಲನ್ನು ಮುಟ್ಟಬೇಡಿ. ಹತ್ತು ವರ್ಷದ ಸೇವೆ ತುಂಬಿದವನಿಗೆ 58ರಲ್ಲಿ ಪೆನ್ಶನ್ ಇದೆ. ಒಂಬತ್ತು ವರ್ಷಕ್ಕೆ ಎಲ್ಲವನ್ನೂ ಕಿತ್ತುಕೊಂಡು ಹೊರಟವನು ಮುದಿತನದ ಊರುಗೋಲನ್ನೇ ಒಲೆಗೆ ಹಾಕಿದಂತೆ.

ಮೂರನೆಯ ಮಾತು ಖರ್ಚಿನದು. ಫೀಸೊಂದೇ ಖರ್ಚೆಂದು ತಿಳಿದವನು ಮೋಸಹೋಗುತ್ತಾನೆ. ವಕೀಲಿಯನ್ನೇ ತೆಗೆದುಕೊಳ್ಳಿ. ಪದವೀಧರನಿಗೆ ಮೂರು ವರ್ಷದ ಓದು. ಪ್ರವೇಶ ಪರೀಕ್ಷೆ ಇದೆ. ಪದವಿಯಲ್ಲಿ ಸಾಮಾನ್ಯ ವರ್ಗದವನಿಗೆ ನೂರಕ್ಕೆ 45 ಅಂಕ ಬೇಕು. ಅಂಚೆಯ ಮೂಲಕ ಕಲಿಯುವಂತಿಲ್ಲ. ನೂರಕ್ಕೆ 70 ಹಾಜರಿ ಬೇಕು. ಹತ್ತು, ಹನ್ನೆರಡು ಯಾವುದೂ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಪಡೆದ ಬಿ.ಎ.ಯನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಫೀಸು ಕಟ್ಟುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಕಾಲೇಜಿನಿಂದ ಕಾಲೇಜಿಗೆ ಫೀಸಿನಲ್ಲಿ ಹಲವು ಪಟ್ಟು ಅಂತರ. ಚರ್ಚ್‌ಗೇಟಿನಲ್ಲಿ 1855ರಿಂದ ನಡೆದು ಬಂದಿರುವ ಸರಕಾರಿ ಕಾನೂನು ಕಾಲೇಜಿನ ಫೀಸಿಗೂ ಖಾಸಗಿ ಕಾಲೇಜಿನ ಫೀಸಿಗೂ ಹೋಲಿಕೆಯೇ ಇಲ್ಲ. ಪ್ರವೇಶ ಪರೀಕ್ಷೆಗೆ ಒಂದು ವರ್ಷ ಹೆಚ್ಚು ಸಿದ್ಧನಾದರೂ ನಷ್ಟವಿಲ್ಲ. ಒಳ್ಳೆಯ ಅಂಕವೇ ಅಗ್ಗದ ಫೀಸಿನ ದಾರಿ.

ಒಂದು ಸಂತೋಷದ ಸಂಗತಿಯೂ ಇದೆ. ವಕೀಲನಾಗಿ ಹೆಸರು ನೋಂದಾಯಿಸಲು ರಾಜ್ಯಗಳ ಪರಿಷತ್ತುಗಳು ಹಲವು ಸಾವಿರ ಕೇಳುತ್ತಿದ್ದವು. ಕಾಯಿದೆಯಲ್ಲಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ಕೇಳಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತೀರ್ಪಿತ್ತಿತು. ಆದರೆ ಕರಿಕೋಟು ತೊಟ್ಟ ಮೇಲೆ ಪೂರ್ಣ ಪಗಾರದ ನೌಕರಿ ಮಾಡುವಂತಿಲ್ಲ. ಹಿರಿಯ ವಕೀಲರ ಕೈಕೆಳಗಿನ ಮೊದಲ ವರ್ಷಗಳಲ್ಲಿ ಬರುವ ಹಣ ಟ್ಯಾಕ್ಸಿಗೂ ಸಾಲದು. ಹಣದ ನಿಜವಾದ ಗರಜು ಇರುವುದು ಅಲ್ಲಿ, ಆ ಬರಗಾಲದ ವರ್ಷಗಳಲ್ಲಿ. ಆದ್ದರಿಂದಲೇ ಓದುವಾಗ ಕೆಲಸ ಬಿಡಬೇಡಿ, ಪಾಳಿ ಬದಲಿಸಿಕೊಳ್ಳಿ ಎನ್ನುತ್ತೇವೆ. ಗ್ರಾಚುಯಿಟಿಯನ್ನು ಫೀಸಿಗೆ ಸುರಿಯದೆ, ಮೂರು ವರ್ಷ ಹೆಚ್ಚು ದುಡಿದು ಅದನ್ನು ಬೆಳೆಸಿ, ಕರಿಕೋಟಿನ ಮೊದಲ ವರ್ಷಗಳ ಅಕ್ಕಿ ಬೇಳೆಗೆಂದು ಎತ್ತಿಡಬೇಕು. ಶಿಕ್ಷಕನಾಗುವವನಿಗೂ, ಲೆಕ್ಕಪತ್ರ ಕಲಿಯುವವನಿಗೂ ಇದೇ ಮಾತು: ಕಲಿಯುವ ವರ್ಷಗಳ ಜೊತೆಗೆ ನೆಲೆ ನಿಲ್ಲುವ ವರ್ಷಗಳನ್ನೂ ಲೆಕ್ಕದಲ್ಲಿ ಹಿಡಿಯಿರಿ.

ನಡುವಯಸ್ಸಿನಲ್ಲಿ ಕಸುಬು ಬದಲಾಗುವುದು ಹಂಬಲದಿಂದ ಮಾತ್ರವಲ್ಲ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ್ಗ ಬಿಟ್ಟು ಬೇರೇನೂ ಅರಿಯದ, ನಲವತ್ತು ದಾಟಿದ ಜನ ಬೀದಿಗೆ ಬಂದರು. 1986ರಲ್ಲಿ ಕೇಂದ್ರ ಸರಕಾರ ಒಂದು ಪುನರ್ವಸತಿ ನಿಧಿ ತಂದಿತು. ಪೂರ್ತಿ ಮುಚ್ಚಿದ ಗಿರಣಿಯವರಿಗೆ ಮೊದಲ ವರ್ಷ ಪಗಾರದ ನೂರಕ್ಕೆ 75, ಎರಡನೆಯ ವರ್ಷ 50, ಮೂರನೆಯ ವರ್ಷ 25. ಹೊಟ್ಟೆಗೆ ಮೂರು ವರ್ಷದ ಇಳಿಯುವ ಲೆಕ್ಕವಾಯಿತು. ಕೈಗೆ ಹೊಸ ಕಸುಬು ಬರಲಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬುದು ಗಿರಣಗಾಂವಿನ ಚಾಳುಗಳಲ್ಲಿ ಕಣ್ಣಾರೆ ಕಂಡ ಮಾತು. ಇಂದು ಗಿರಣಿಗೆ ಬಂದ ದಿನ ನಾಳೆ ಹೋಟೆಲಿಗೆ ಬಾರದೆಂದು ಯಾರು ಹೇಳಬಲ್ಲರು?

ಆದ್ದರಿಂದ ಸಂಘದ ಮುಂದೆ ಒಂದು ಸಲಹೆ ಇಡುತ್ತೇವೆ: ಮರುಕಲಿಕೆಯ ನಿಧಿ. ಸಹಕಾರಿ ಪತಪೇಢಿಯ ಕಾಯಿದೆಯ ಚೌಕಟ್ಟಿನೊಳಗೇ ಇದು ನಡೆಯಲಿ. 400 ಮಂದಿ ತಿಂಗಳಿಗೆ 50 ರೂಪಾಯಿ ಹಾಕಿದರೆ ತಿಂಗಳಿಗೆ 20,000, ವರ್ಷಕ್ಕೆ 2,40,000 ರೂಪಾಯಿ. ಒಬ್ಬರಿಗೆ 60,000ದಂತೆ ವರ್ಷಕ್ಕೆ ನಾಲ್ವರಿಗೆ ಬಡ್ಡಿಯಿಲ್ಲದ ಸಾಲ. ಹಣ ನೇರ ಕಾಲೇಜಿಗೆ ಹೋಗಬೇಕು, ಕೈಗಲ್ಲ. ಇಬ್ಬರು ಸದಸ್ಯರ ಜಾಮೀನು ಬೇಕು. ಓದು ಮುಗಿದ ಆರು ತಿಂಗಳಿಂದ ತಿಂಗಳಿಗೆ 2,000ದಂತೆ 30 ಕಂತುಗಳಲ್ಲಿ ಮರಳಬೇಕು. ಲೆಕ್ಕವನ್ನು ಪ್ರತಿ ತಿಂಗಳೂ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

“ನನ್ನ ಮಗನ ಶಾಲೆಯ ಫೀಸಿಗೇ ಪರದಾಟ, ಪದವೀಧರನಿಗೆ ನಾನೇಕೆ 50 ರೂಪಾಯಿ ಕೊಡಲಿ?” ಎಂದು ಪಾತ್ರೆ ತೊಳೆಯುವ ಅಣ್ಣ ಕೇಳಬಹುದು. ನ್ಯಾಯವಾದ ಪ್ರಶ್ನೆ. ಏಳನೆಯ ತರಗತಿಗೆ ಪುಸ್ತಕ ಮುಚ್ಚಿ ಮುಂಬಯಿಗೆ ಬಂದ ನನ್ನ ಮನಸ್ಸಿನಲ್ಲಿಯೂ ಅದು ಎದ್ದಿತ್ತು. ಉತ್ತರ ಇಷ್ಟೇ: ಇದು ದಾನವಲ್ಲ, ತಿರುಗಿ ಬರುವ ಹಣ. ವಕೀಲನಾದವನು ವಾರಕ್ಕೊಂದು ಸಂಜೆ ಸಂಘದ ಕಚೇರಿಯಲ್ಲಿ ಕೂತು ನಮ್ಮ ಗ್ರಾಚುಯಿಟಿಯ ಅರ್ಜಿ ಬರೆಯಬೇಕು. ಶಿಕ್ಷಕನಾದವನು ನಮ್ಮ ಮಕ್ಕಳಿಗೆ ಪಾಠ ಹೇಳಬೇಕು. ಈ ಕರಾರು ಸಾಲಪತ್ರದಲ್ಲಿಯೇ ಇರಲಿ. ನಿಧಿಯ ಬಾಗಿಲು ಪದವೀಧರನಿಗೆ ಮಾತ್ರವೂ ಅಲ್ಲ. ವಾಹನ ಚಾಲನೆ ಕಲಿಯುವ, ವಿದ್ಯುತ್ ಕೆಲಸ ಕಲಿಯುವ ಕ್ಲೀನರನಿಗೂ ಅದೇ ನಿಯಮ.

ಸರಕಾರವನ್ನೂ ಸುಮ್ಮನೆ ಬಿಡಲಾಗದು. ಸಿಂಗಾಪುರದಲ್ಲಿ 25 ತುಂಬಿದ ಪ್ರತಿ ಪ್ರಜೆಗೆ ಕಲಿಕೆಗೆಂದು 500 ಡಾಲರ್ ಜಮೆ 2016ರಿಂದ ಬಂದಿದೆ. 2024ರ ಮೇ ತಿಂಗಳಲ್ಲಿ 40 ದಾಟಿದವರಿಗೆ ಮತ್ತೆ 4,000 ಡಾಲರ್ ಸೇರಿಸಿದರು. ನಡುವಯಸ್ಸಿನ ಓದು ದೇಶದ ಖರ್ಚೆಂದು ಅಲ್ಲಿ ಒಪ್ಪಿದ್ದಾರೆ. ನಾವು ಕೇಳುವುದು ಅಷ್ಟೂ ಅಲ್ಲ. ಹತ್ತು ವರ್ಷ ದುಡಿದ ಕಾರ್ಮಿಕನಿಗೆ, ಪದವಿ ಇರಲಿ ಇಲ್ಲದಿರಲಿ, ಬಡ್ಡಿಯ ನೆರವು ಎರಡನೆಯ ಸಲವೂ ದೊರೆಯಲಿ. ಅವನ ಭವಿಷ್ಯನಿಧಿ ಅವನ ಓದಿಗೂ ಒದಗುವುದೆಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆಯಲಿ. ಈ ಎರಡು ಬೇಡಿಕೆಗಳನ್ನು ಮುಂದಿನ ಮಹಾಸಭೆಯಲ್ಲಿ ಗೊತ್ತುವಳಿಯಾಗಿ ತರಬೇಕೆಂದು ಕೋರುತ್ತೇವೆ.

ಆ ಸದಸ್ಯರು ಗಂಟನ್ನು ಮನೆಗೆ ಒಯ್ದರು. ಸಂಜೆಯ ಪಾಳಿ ಕೇಳಿ ಧಣಿಗಳಿಗೆ ಅರ್ಜಿ ಕೊಟ್ಟಿದ್ದಾರೆ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾರೆ. ರಾಜೀನಾಮೆ ಕೊಟ್ಟಿಲ್ಲ. ನಿಧಿಗೆ ಮೊದಲ 50 ರೂಪಾಯಿ ಇಟ್ಟವರೂ ಅವರೇ. ಉಳಿದ 399 ಮಂದಿಗಾಗಿ ಸಂಘದ ಪುಸ್ತಕ ತೆರೆದಿದೆ.