ಬಾಳಕ ಕೆಡುವುದು ಯಾರ ನೆರಳಿನಿಂದ?



ಶಿವರಾತ್ರಿ ಮುಗಿದು ಬಿಸಿಲು ಬಲಿಯಿತೆಂದರೆ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ಸಂಡಿಗೆ, ಹಪ್ಪಳ, ಬಾಳಕದ ಕೆಲಸ ಶುರು. ಮಾಳಿಗೆ ಇದ್ದವರು ಮಾಳಿಗೆಯ ಮೇಲೆ, ಹೆಂಚಿನ ಮನೆಯವರು ಅಂಗಳದ ಹೊರಸಿನ ಮೇಲೆ ಹಳೆಯ ಸೀರೆ ಹಾಸಿ ಚವಳಿಕಾಯಿ, ಹಾಗಲಕಾಯಿ, ಮೆಣಸಿನಕಾಯಿ ಹರವುತ್ತಾರೆ. ಮಳೆಗಾಲದಲ್ಲಿ ಕಾಯಿಪಲ್ಲೆ ತುಟ್ಟಿಯಾದಾಗ ಅನ್ನ-ಸಾರಿಗೆ ಕರಿದುಕೊಳ್ಳಲು ಇದೇ ಆಸರೆ.

ಹೋದ ವರ್ಷ ನಮ್ಮ ಮನೆಯಲ್ಲೂ ಹಾಕಿದ್ದೆವು. ಕಾಯಿ ತಿರುವಿಹಾಕಲು ಮೊಮ್ಮಗಳು ಮೆಟ್ಟಿಲು ಏರುತ್ತಿದ್ದಳು. "ಏ ತಂಗಿ, ಮುಟ್ಟಾಗೀ ಅಲ್ಲ? ಮ್ಯಾಲ ಹೋಗಬ್ಯಾಡ. ನಿನ್ನ ನೆರಳ ಬಿದ್ರ ಬಾಳಕ ಕೆಡತೈತಿ" ಎಂದು ನಾನೇ ಕೂಗಿದೆ. ಹುಡುಗಿ ನಡುಮೆಟ್ಟಿಲಲ್ಲೇ ನಿಂತಳು. ಅವಳ ಕೊರಳಲ್ಲಿ ಇಷ್ಟಲಿಂಗವಿತ್ತು. ಅಂದು ಮುಂಜಾನೆ ಅವಳು ಲಿಂಗಪೂಜೆ ಮಾಡಿದ್ದನ್ನು ನಾನೇ ನೋಡಿದ್ದೆ. "ಅಮ್ಮಾ, ಲಿಂಗ ಮುಟ್ಟಬಹುದು, ಮೆಣಸಿನಕಾಯಿ ಮುಟ್ಟಬಾರದೇನು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಜನನ, ಮರಣ, ರಜ, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗೆ ಇಲ್ಲ. ಪ್ರವಚನದಲ್ಲಿ ಈ ಮಾತು ಬಂದಾಗ ತಲೆದೂಗುತ್ತೇವೆ. ಪೂಜೆಯ ಕೋಣೆಯಿಂದ ಸೂತಕವನ್ನು ಹೊರಹಾಕಿದ ನಾವೇ ಅದನ್ನು ಮಾಳಿಗೆಯ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕೂರಿಸಿಕೊಂಡಿದ್ದೇವೆ. ಗಂಡಸರು ಹೇಳಿ ಮಾಡಿಸಿದ್ದಲ್ಲ ಇದು. ನಡೆಸಿಕೊಂಡು ಬಂದವರು ನಮ್ಮಂಥ ಹಿರಿಯ ಹೆಣ್ಣುಮಕ್ಕಳೇ.

ಹಾಗಾದರೆ ಬಾಳಕ ಕೆಡುವುದಿಲ್ಲವೇ? ಕೆಡುತ್ತದೆ, ಆದರೆ ಅದರ ಕಾರಣ ಬೇರೆ. ನಮ್ಮ ಮನೆಯ ಅಳತೆ 1 ಕಿಲೋ ದಪ್ಪ ಹಸಿಮೆಣಸಿನಕಾಯಿಗೆ 1 ಲೀಟರ್ ಹುಳಿಮಜ್ಜಿಗೆ, ಸುಮಾರು 100 ಗ್ರಾಂ ಉಪ್ಪು. ತೊಟ್ಟು ಬಿಡದಂತೆ ಸೀಳಿ, ಹುರಿದ ಮೆಂತ್ಯ-ಜೀರಿಗೆ ಪುಡಿ ಸೇರಿಸಿ ರಾತ್ರಿಯಿಡೀ ನೆನೆಹಾಕಬೇಕು. ಹಗಲು ಒಣಗಿಸಿ, ಸಂಜೆ ಅದೇ ಮಜ್ಜಿಗೆಗೆ ಮತ್ತೆ ಹಾಕಬೇಕು. ಮಜ್ಜಿಗೆ ಪೂರ್ತಿ ಹೀರುವವರೆಗೆ ಹೀಗೇ. ಚವಳಿಕಾಯಿಯಾದರೆ ಮೊದಲು ಉಪ್ಪುನೀರಿನಲ್ಲಿ ಒಂದು ಕುದಿ ಬರಿಸಿ ಬಸಿಯಬೇಕು. ಉಪ್ಪು ಕಾಯಿಯೊಳಗಿನ ನೀರನ್ನು ಎಳೆಯುತ್ತದೆ, ಮಜ್ಜಿಗೆಯ ಹುಳಿ ಬೂಷ್ಟನ್ನು ತಡೆಯುತ್ತದೆ, ಉಳಿದದ್ದು ಬಿಸಿಲಿನ ಕೆಲಸ. ಉಪ್ಪು ಕಡಿಮೆಯಾದರೆ, ಮೋಡ ಕವಿದರೆ, ಕಾಯಿಯನ್ನು ಒಂದರ ಮೇಲೊಂದು ಹರವಿದರೆ ಬೂಷ್ಟು ಬರುತ್ತದೆ. ಬಿಸಿಲಿನಿಂದ ತಂದದ್ದು ಆರುವ ಮೊದಲೇ ಡಬ್ಬಿ ಮುಚ್ಚಿದರೂ ಒಳಗೆ ಬೆವರಿ ಕೆಡುತ್ತದೆ. ಇಷ್ಟರಲ್ಲಿ ಯಾವ ಹುಡುಗಿಯ ನೆರಳಿಗೂ ಜಾಗವಿಲ್ಲ.

ಜಾತ್ರೆಯ ದಾಸೋಹಕ್ಕೆ ಹಪ್ಪಳ, ಸಂಡಿಗೆ ಮಾಡುವಾಗಲೂ "ಕಡಿಗೆ ಇದ್ದವರು ಬರಬ್ಯಾಡ್ರಿ" ಎನ್ನುವುದನ್ನು ನಾನು ಕೇಳಿದ್ದೇನೆ. ಕಾಯಕಕ್ಕೆ ಬಂದ ಮಗಳನ್ನು ತಿಂಗಳಿಗೆ ನಾಲ್ಕು ದಿನ ಹೊರಗಿಟ್ಟು ನಾವು ಬಡಿಸುವ ಪ್ರಸಾದ ಎಂಥದು? ಅಕ್ಕನ ಬಳಗದ ತಾಯಂದಿರಲ್ಲಿ, ಪೂಜ್ಯರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಬೇಸಿಗೆಯಿಂದ ಆ ಪ್ರಶ್ನೆಯನ್ನೇ ಕೇಳಬಾರದು ಎಂದು ಮಠದಲ್ಲಿ ಎಲ್ಲರೆದುರು ಹೇಳಿಬಿಡಿ. ನೀವು ಹೇಳಿದರೆ ಮನೆಯ ಹಿರಿಯರು ಕೇಳುತ್ತಾರೆ.

ಈ ವರ್ಷ ಮೊಮ್ಮಗಳೇ ಎಲ್ಲ ತಿರುವಿಹಾಕಿದಳು. ಯಾರೂ ದಿನ ಎಣಿಸಲಿಲ್ಲ. ಒಂದು ಸಲದ್ದು ಮಾತ್ರ ಕೆಟ್ಟಿತು. ಮಧ್ಯಾಹ್ನ ಗುಡುಗು ಮಳೆ ಬಂದಾಗ ಅವಳು ಶಾಲೆಗೆ ಹೋಗಿದ್ದಳು, ಕಾಯಲು ಕುಳಿತ ನಾನು ನಿದ್ದೆಹೋಗಿದ್ದೆ.