ನೋಡುವವರು ಯಾರು?

2025ರ ನವೆಂಬರ್ 2ರ ರಾತ್ರಿ ನಮ್ಮ ಮನೆಯ ನಡುಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರಿತ್ತು. ನವಿ ಮುಂಬಯಿಯಲ್ಲಿ ಭಾರತದ ವನಿತೆಯರಿಗೂ ದಕ್ಷಿಣ ಆಫ್ರಿಕದ ವನಿತೆಯರಿಗೂ ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯ ನಡೆಯುತ್ತಿತ್ತು. ಮಳೆಯ ದೆಸೆಯಿಂದ ಆಟ ಎರಡು ಗಂಟೆ ತಡವಾಗಿ ಆರಂಭವಾಗಿದ್ದರಿಂದ ಅದು ಮುಗಿಯುವ ಹೊತ್ತಿಗೆ ನಡುರಾತ್ರಿ ಸಮೀಪಿಸಿತ್ತು. ಮೊಮ್ಮಕ್ಕಳು ನೆಲದ ಮೇಲೆ, ಎದುರುಮನೆಯ ನಿವೃತ್ತ ಅಂಚೆ ನೌಕರರು ಕುರ್ಚಿಯ ಮೇಲೆ, ನನ್ನ ಅಕ್ಕ ದಿವಾನದ ಮೇಲೆ. ಅಕ್ಕನಿಗೆ ಈಗ ಎಂಬತ್ತರ ಹತ್ತಿರ. ಒಂಬತ್ತಕ್ಕೆ ದೀಪ ಆರಿಸಿ ಮಲಗುವವಳು ಆ ರಾತ್ರಿ ಜಾಗ ಬಿಟ್ಟು ಅಲುಗಲಿಲ್ಲ. ದೀಪ್ತಿ ಶರ್ಮಾ ಎಸೆದ ಚೆಂಡನ್ನು ಎದುರಾಳಿ ಮೇಲಕ್ಕೆ ಹೊಡೆದಾಗ, ನಾಯಕಿ ಹರ್ಮನ್‌ಪ್ರೀತ್ ಕೌರ್ ಹಿಂದಕ್ಕೆ ಓಡಿ ಅದನ್ನು ಹಿಡಿದು ಪಂದ್ಯವನ್ನು ಮುಗಿಸಿದಳು. 52 ಓಟಗಳ ಗೆಲುವು. ಮನೆಯವರೆಲ್ಲ ಎದ್ದು ನಿಂತು ಕೂಗಿದರು. ಅಕ್ಕ ಮಾತ್ರ ಕುಳಿತಲ್ಲಿಂದಲೇ, ಯಾರನ್ನೂ ಉದ್ದೇಶಿಸದೆ, “ನಾವು ಆಡೋವಾಗ ನೋಡೋದಕ್ಕೆ ಯಾರಿದ್ದರು?” ಎಂದಳು.

ಅವಳು ಪ್ರೌಢಶಾಲೆಯಲ್ಲಿದ್ದಾಗ ಖೊ-ಖೊ ಆಡುತ್ತಿದ್ದಳು. ಲಂಗವನ್ನು ಮೇಲಕ್ಕೆ ಕಟ್ಟಿ ಕಂಬದಿಂದ ಕಂಬಕ್ಕೆ ಓಡುವ ಆ ಹುಡುಗಿಯರ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಹುಮಾನವಾಗಿ ಒಂದು ಹಿತ್ತಾಳೆಯ ಲೋಟವನ್ನು ತಂದಿತ್ತು. ನಮ್ಮ ತಂದೆಯವರು ಅವಳ ಆಟವನ್ನು ಬೇಡವೆಂದವರಲ್ಲ. ಆದರೆ ನೋಡಲು ಒಂದು ದಿನವೂ ಹೋದವರಲ್ಲ. ನಾನೂ ಹೋಗಿರಲಿಲ್ಲ. ಪಕ್ಕದ ಮೈದಾನದಲ್ಲಿ ಹುಡುಗರ ವಾಲಿಬಾಲ್ ನಡೆಯುತ್ತಿದ್ದರೆ ನಾವೆಲ್ಲ ಅಲ್ಲಿರುತ್ತಿದ್ದೆವು.

ಈಚೆಗೆ ಪತ್ರಿಕೆಗಳಲ್ಲಿ ಮಹಿಳೆಯರ ಕ್ರೀಡೆ ಜನಪ್ರಿಯವಾಗುತ್ತಿದೆ ಎಂಬ ಮಾತು ಮೇಲಿಂದ ಮೇಲೆ ಕಾಣುತ್ತದೆ. ಈ ಮಾತು ನಿಜ. ಆದರೆ ಅದರ ಒಡಲಿನಲ್ಲಿ ಇನ್ನೊಂದು ಮಾತು ಅಡಗಿದೆ: ಹಿಂದೆ ಇದನ್ನು ನೋಡುವವರಿರಲಿಲ್ಲ, ಆದ್ದರಿಂದ ಇದಕ್ಕೆ ಮೈದಾನವಾಗಲಿ ಹಣವಾಗಲಿ ದೊರೆಯಲಿಲ್ಲ ಎಂಬುದು. ಇಲ್ಲಿ ಕಾರಣವನ್ನೂ ಕಾರ್ಯವನ್ನೂ ತಲೆಕೆಳಗು ಮಾಡಿದ್ದೇವೆಂದು ನನ್ನ ಅಭಿಪ್ರಾಯ.

1976ನೆಯ ಇಸವಿಯನ್ನು ನೆನೆಯಬಹುದು. ಮೂರು ವರ್ಷಗಳ ಹಿಂದೆಯಷ್ಟೇ, 1973ರಲ್ಲಿ, ಭಾರತದ ಮಹಿಳಾ ಕ್ರಿಕೆಟ್ ಸಂಘ ಹುಟ್ಟಿತ್ತು. ವೆಸ್ಟ್ ಇಂಡೀಸಿನ ವನಿತೆಯರು ಇಲ್ಲಿಗೆ ಬಂದರು. ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ನಮ್ಮ ವನಿತೆಯರ ಮೊತ್ತಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು. ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ ತಂಡದ ನಾಯಕಿ. ಅದೇ ಸರಣಿಯಲ್ಲಿ, ನವೆಂಬರ್ ತಿಂಗಳಲ್ಲಿ, ಪಾಟ್ನಾದಲ್ಲಿ ನಮ್ಮವರು ಮೊದಲ ಜಯವನ್ನು ಗಳಿಸಿದರು. ಅಂದು ಆ ಕ್ರೀಡಾಂಗಣದಲ್ಲಿ ನೆರೆದಿದ್ದವರು 25,000ಕ್ಕೂ ಹೆಚ್ಚು ಜನ! ದೂರದರ್ಶನವು ಇನ್ನೂ ಕೆಲವೇ ನಗರಗಳ ಸೊತ್ತಾಗಿದ್ದ ಕಾಲವದು. ಆ ಆಟಗಾರ್ತಿಯರ ಮುಖವನ್ನು ಜಾಹೀರಾತಿನಲ್ಲಿ ಯಾರೂ ಕಂಡಿರಲಿಲ್ಲ. ಹಾಗಿದ್ದೂ ಜನ ಬಂದರು. ಅವರೆದುರು ಆಡಿದವರಾದರೋ ಸ್ಥಳ ಕಾಯ್ದಿರಿಸದ ರೈಲುಡಬ್ಬಿಗಳಲ್ಲಿ ಪ್ರಯಾಣ ಮಾಡಿ, ಸಾಮೂಹಿಕ ವಸತಿಗಳಲ್ಲಿ ನೆಲದ ಮೇಲೆ ಮಲಗಿ, ತಮ್ಮ ಚೀಲವನ್ನು ತಾವೇ ಹೊತ್ತು ತಂದವರು.

ಇಂಥದೇ ಸಂಗತಿ ಇಂಗ್ಲೆಂಡಿನ ಕಾಲ್ಚೆಂಡಿನ ಚರಿತ್ರೆಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಪ್ರೆಸ್ಟನ್ ಪಟ್ಟಣದ ‘ಡಿಕ್, ಕೆರ್’ ಎಂಬ ಕಾರ್ಖಾನೆಯ ಹೆಣ್ಣಾಳುಗಳು ಬಿಡುವಿನ ವೇಳೆಯಲ್ಲಿ ಚೆಂಡಾಡುತ್ತ ಒಂದು ತಂಡವನ್ನೇ ಕಟ್ಟಿದರು. ಅವರ ಪಂದ್ಯಗಳಿಂದ ಬಂದ ಹಣ ಗಾಯಗೊಂಡ ಸೈನಿಕರ ನೆರವಿಗೆ ಹೋಗುತ್ತಿತ್ತು. 1920ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ ಹಬ್ಬದ ಮರುದಿನ, ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಕ್ರೀಡಾಂಗಣದಲ್ಲಿ ಅವರ ಆಟವನ್ನು ನೋಡಲು ಬಂದವರು ಸುಮಾರು 53,000 ಮಂದಿ. ಒಳಗೆ ಸ್ಥಳವಿಲ್ಲದೆ ಸಹಸ್ರಾರು ಜನ ಹಿಂದಿರುಗಿದರು.

ಮರುವರ್ಷ ಏನಾಯಿತು? 1921ರ ಡಿಸೆಂಬರ್ 5ರಂದು ಆ ದೇಶದ ಕಾಲ್ಚೆಂಡಿನ ಸಂಘವು ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ನಿರ್ಣಯಿಸಿ, ತನ್ನ ಸದಸ್ಯ ಸಂಸ್ಥೆಗಳ ಮೈದಾನಗಳನ್ನು ಅವರಿಗೆ ಕೊಡಕೂಡದೆಂದು ಆಜ್ಞೆ ಮಾಡಿತು. ಆಟವನ್ನು ನಿಷೇಧಿಸಲು ಅದಕ್ಕೆ ಅಧಿಕಾರವಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಬಾಗಿಲು ಹಾಕಿದರೆ ಸಾಕಾಗಿತ್ತು. ಹೆಂಗಸರು ಹುಲ್ಲುಗಾವಲಿನಲ್ಲೋ ಉದ್ಯಾನದ ಮೂಲೆಯಲ್ಲೋ ಆಡಿದರು. ಅಲ್ಲಿ ಐವತ್ತು ಸಾವಿರ ಜನ ನಿಲ್ಲುವುದು ಎಲ್ಲಿ? ಈ ಆಜ್ಞೆ ಸುಮಾರು ಐವತ್ತು ವರ್ಷ ಜಾರಿಯಲ್ಲಿತ್ತು. ಅಷ್ಟರಲ್ಲಿ ಗುಡಿಸನ್ ಪಾರ್ಕಿಗೆ ಹೋಗಿದ್ದವರು ತೀರಿಹೋಗಿದ್ದರು. ಅವರ ಮೊಮ್ಮಕ್ಕಳು ಹೆಂಗಸರ ಕಾಲ್ಚೆಂಡನ್ನು ಯಾರು ನೋಡುತ್ತಾರೆಂದು ನಗುತ್ತಿದ್ದರು. ಹಾಗೆ ನಕ್ಕವರನ್ನು ದೂರಿ ಫಲವಿಲ್ಲ. ಅವರು ಕಂಡದ್ದು ಮುಚ್ಚಿದ ಬಾಗಿಲನ್ನು ಮಾತ್ರ.

ನಮ್ಮ ದೇಶದಲ್ಲಿ ಯಾರೂ ಆಜ್ಞೆ ಹೊರಡಿಸಲಿಲ್ಲ. ನಮ್ಮ ಅನಾದರಕ್ಕೆ ಆಜ್ಞೆ ಬೇಕಾಗಲಿಲ್ಲ ಎನ್ನಬಹುದು. 1986ರ ಇಂಗ್ಲೆಂಡ್ ಪ್ರವಾಸವಾದ ಮೇಲೆ 1991ರವರೆಗೆ ನಮ್ಮ ವನಿತೆಯರು ಒಂದು ಟೆಸ್ಟ್ ಪಂದ್ಯವನ್ನೂ ಆಡಲಿಲ್ಲ. 1988ರ ವಿಶ್ವಕಪ್ಪಿಗೆ ನಮ್ಮ ತಂಡ ಹೋಗಲೇ ಇಲ್ಲ. ಇಪ್ಪತ್ತು ವರ್ಷದ ಆಟಗಾರ್ತಿಗೆ ಐದು ವರ್ಷಗಳೆಂದರೆ ಅವಳ ಬಾಳಿನ ಅತ್ಯುತ್ತಮ ಕಾಲ. ಅವಳ ಹೆಸರು ಕೂಡ ನಮಗೆ ತಿಳಿಯದೆಹೋಯಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. 2014ರ ನವೆಂಬರ್ 16ರಿಂದ 19ರವರೆಗೆ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕದ ವನಿತೆಯರು ಟೆಸ್ಟ್ ಪಂದ್ಯ ಆಡಿದರು. ತಿರುಷ್ ಕಾಮಿನಿ 192 ಓಟ ಹೊಡೆದಳು. ಹರ್ಮನ್‌ಪ್ರೀತ್ ಕೌರ್ ಎರಡೂ ಇನ್ನಿಂಗ್ಸ್ ಸೇರಿ ಒಂಬತ್ತು ವಿಕೆಟ್ ಕಿತ್ತಳು. ಒಂದು ಇನ್ನಿಂಗ್ಸ್ ಮತ್ತು 34 ಓಟಗಳಿಂದ ನಮ್ಮವರು ಗೆದ್ದರು. ನನ್ನ ಮನೆಯಿಂದ ಆ ಮೈದಾನಕ್ಕೆ ನಡೆದು ಹೋಗಬಹುದು. ಆ ನಾಲ್ಕೂ ದಿನ ನಾನು ಊರಿನಲ್ಲಿಯೇ ಇದ್ದೆ, ಬೆಳಗಿನ ವಾಯುವಿಹಾರಕ್ಕೆ ಆ ಕಡೆಗೇ ಹೋಗಿದ್ದೆ. ಪಂದ್ಯ ನಡೆಯಿತೆಂಬುದು ನನಗೆ ತಿಳಿದದ್ದು ಅದು ಮುಗಿದ ಮೇಲೆ, ಪತ್ರಿಕೆಯ ಒಳಪುಟದ ಒಂದು ಗೇಣಿನ ವರದಿಯಿಂದ. ಅದನ್ನು ಓದಿ ಪುಟ ಮಗುಚಿದೆ. ಅನಂತರ ಯಾರಾದರೂ ಕೇಳಿದ್ದರೆ, “ಹೆಂಗಸರ ಟೆಸ್ಟ್ ಪಂದ್ಯಕ್ಕೆ ಜನ ಎಲ್ಲಿ ಬರುತ್ತಾರೆ?” ಎಂದು ನಾನೇ ಹೇಳುತ್ತಿದ್ದೆ. ನಮ್ಮ ವನಿತೆಯರ ಮುಂದಿನ ಟೆಸ್ಟ್ ಪಂದ್ಯ ನಡೆದದ್ದು 2021ರ ಜೂನಿನಲ್ಲಿ, ಸುಮಾರು ಏಳು ವರ್ಷಗಳ ಬಳಿಕ, ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ. ಅಂದು ನಮ್ಮೂರಿನಲ್ಲಿ ಒಂಬತ್ತು ವಿಕೆಟ್ ಕಿತ್ತವಳೇ ಮೊನ್ನೆ ವಿಶ್ವಕಪ್ಪನ್ನು ಎತ್ತಿಹಿಡಿದ ನಾಯಕಿ ಎಂಬುದನ್ನು ನೆನೆದಾಗ ನನಗೆ ನಾಚಿಕೆಯಾಗುತ್ತದೆ.

ಪ್ರೇಕ್ಷಕನು ಹುಟ್ಟಿನಿಂದ ಪ್ರೇಕ್ಷಕನಲ್ಲ. ಕರಾವಳಿಯಲ್ಲಿ ಬಯಲಾಟದ ಮುಂದೆ ತಾಯಿಯ ತೊಡೆಯ ಮೇಲೆ ತೂಕಡಿಸಿದ ಮಗುವೇ ಮುಂದೆ ಒಂದು ಹೆಜ್ಜೆ ತಪ್ಪಿದರೆ ಗುರುತಿಸಬಲ್ಲ ರಸಿಕನಾಗುತ್ತಾನೆ. ಮತ್ತೆ ಮತ್ತೆ ನೋಡಿ ಪಳಗಿದ ಕಣ್ಣಿಗೆ ಮಾತ್ರ ಆಟದ ಒಳಗು ಕಾಣುತ್ತದೆ. ಆಡುವವರ ಹೆಸರು ಬಾಯಿಗೆ ಬರಬೇಕು, ಮುಂದಿನ ಪಂದ್ಯ ಎಂದು, ಎಲ್ಲಿ ಎಂಬುದು ತಿಳಿದಿರಬೇಕು, ನಿನ್ನೆ ಸೋತವಳು ಇಂದು ಏನು ಮಾಡುವಳೋ ಎಂಬ ಕುತೂಹಲ ಉಳಿದಿರಬೇಕು. ಹುಡುಗರ ಆಟಕ್ಕೆ ಇದೆಲ್ಲ ತಲೆತಲಾಂತರದಿಂದ ಕೇಳದೆಯೇ ದೊರೆತಿದೆ. ಹುಡುಗಿಯರ ಆಟಕ್ಕೆ ಇದು ದೊರೆಯಲಾರಂಭಿಸಿದ್ದು ತೀರ ಈಚೆಗೆ. ಮಹಿಳಾ ಕ್ರಿಕೆಟ್ಟಿನ ಆಡಳಿತ ದೇಶದ ಕ್ರಿಕೆಟ್ ಮಂಡಳಿಗೆ ಸೇರಿದ್ದು 2006ರಲ್ಲಿ. 2017ರ ವಿಶ್ವಕಪ್ಪಿನ ಪಂದ್ಯಗಳು ಮನೆಮನೆಯ ಪರದೆಯ ಮೇಲೆ ಕಂಡಾಗ ನಮ್ಮ ನಾಡು ತನ್ನ ಹೆಣ್ಣುಮಕ್ಕಳನ್ನು ಗುರುತು ಹಿಡಿಯಿತು. ಡರ್ಬಿಯಲ್ಲಿ ನ್ಯೂಜಿಲೆಂಡಿನ ಎದುರು ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಓಟ ಬಾರಿಸಿದರೆ, ವಿಜಯಪುರದ ರಾಜೇಶ್ವರಿ ಗಾಯಕವಾಡ 15 ಓಟ ಕೊಟ್ಟು ಐದು ವಿಕೆಟ್ ಪಡೆದಳು. ಅಂತಿಮ ಪಂದ್ಯ ಲಾರ್ಡ್ಸ್ ಮೈದಾನದಲ್ಲಿ ನಡೆಯಿತು. 1814ರಿಂದ ಆಟ ನಡೆಯುತ್ತಿರುವ ಆ ಮೈದಾನದಲ್ಲಿ ಹೆಂಗಸರಿಗೆ ಆಡಲು ಮೊದಲು ಅವಕಾಶ ದೊರೆತದ್ದು 1976ರಲ್ಲಿ, ಎಂದರೆ ಪಾಟ್ನಾದ ಪಂದ್ಯ ನಡೆದ ವರ್ಷದಲ್ಲಿಯೇ! ಅದೇ ಲಾರ್ಡ್ಸ್ 2017ರಲ್ಲಿ ಕಿಕ್ಕಿರಿದಿತ್ತು. ನಾವು ಒಂಬತ್ತು ಓಟಗಳಿಂದ ಸೋತೆವು. ಸೋತ ತಂಡದ ಹೆಸರುಗಳನ್ನು ನಮ್ಮ ಬೀದಿಯ ಮಕ್ಕಳು ಒಪ್ಪಿಸುವುದನ್ನು ನಾನು ಮೊದಲು ಕೇಳಿದ್ದು ಆಗಲೇ.

ಅಲ್ಲಿಂದ ಮುಂದಿನದು ವೇಗವಾಗಿ ನಡೆದುಹೋಯಿತು. 2020ರ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಭಾರತ–ಆಸ್ಟ್ರೇಲಿಯ ಅಂತಿಮ ಪಂದ್ಯಕ್ಕೆ ಸೇರಿದವರು 86,174 ಮಂದಿ. 2022ರಲ್ಲಿ ಪಂದ್ಯದ ಸಂಭಾವನೆಯನ್ನು ಗಂಡಸರಿಗೂ ಹೆಂಗಸರಿಗೂ ಸಮನಾಗಿ ಮಾಡಲಾಯಿತು. 2023ರಲ್ಲಿ ವನಿತೆಯರ ಲೀಗ್ ಆರಂಭವಾಯಿತು. ಆ ವರ್ಷ ಹೆಣ್ಣುಮಕ್ಕಳಿಗೆ ಪ್ರವೇಶ ಉಚಿತವಾಗಿತ್ತು. ಹದಿನಾರು ವರ್ಷಗಳಿಂದ ಕಪ್ಪಿಗಾಗಿ ಕಾಯುತ್ತ, “ಈ ಸಲ ಕಪ್ ನಮ್ದೇ” ಎಂದು ಕೂಗಿ ಗಂಟಲು ಒಣಗಿಸಿಕೊಂಡಿದ್ದ ಬೆಂಗಳೂರಿನ ಅಭಿಮಾನಿಗಳಿಗೆ ಆ ಮಾತನ್ನು ಮೊದಲು ನಿಜ ಮಾಡಿ ತೋರಿಸಿದವರು, 2024ರಲ್ಲಿ, ಸ್ಮೃತಿ ಮಂಧಾನಾಳ ತಂಡದ ಹೆಂಗಸರು. ಅಂದು ರಾತ್ರಿ ಬೀದಿಗೆ ಬಂದು ಕುಣಿದವರಲ್ಲಿ ಬಹುಪಾಲು ತರುಣರೇ. ಹೆಂಗಸರ ಆಟವನ್ನು ಹೆಂಗಸರೇ ನೋಡುತ್ತಾರೆಂಬ ನಂಬಿಕೆಯೂ ಸುಳ್ಳಾಯಿತೆಂದು ಇದರಿಂದ ತಿಳಿಯಬಹುದು.

ಕೆಲವರು ಇಷ್ಟಾದರೂ ಒಂದು ಆಕ್ಷೇಪವನ್ನು ಬಿಡುವುದಿಲ್ಲ. ಹೆಂಗಸರ ಚೆಂಡಿನ ವೇಗ ಕಡಿಮೆ, ಬೌಂಡರಿಯ ಗೆರೆ ಹತ್ತಿರ, ಇದನ್ನು ಆ ಆಟದೊಡನೆ ಹೇಗೆ ಹೋಲಿಸುವುದು ಎನ್ನುತ್ತಾರೆ. ಅವರು ಹೇಳುವ ಅಳತೆಗಳು ನಿಜ. ಹೋಲಿಸಬೇಕೆಂದು ಹೇಳಿದವರು ಯಾರು? ದಸರೆಯ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವ ಸಂಪ್ರದಾಯವಿದೆ. ಹಿರಿಯ ಉಸ್ತಾದರು ಪೈಲ್ವಾನರ ಮೈಕಟ್ಟನ್ನೂ ತೂಕವನ್ನೂ ನೋಡಿ ಸರಿಜೋಡಿಗಳನ್ನು ಗೊತ್ತುಮಾಡುತ್ತಾರೆ. ಐವತ್ತೈದು ಕಿಲೋ ತೂಗುವ ಹುಡುಗ ತೊಂಬತ್ತು ಕಿಲೋದವನನ್ನು ಚಿತ್ ಮಾಡಲಾರನೆಂದು ಅವನ ಕುಸ್ತಿಯನ್ನು ಬಿಟ್ಟು ಎದ್ದುಹೋದವರನ್ನು ನಾನು ಕಂಡಿಲ್ಲ. ಸರಿಜೋಡಿ ಸಿಕ್ಕಾಗ ಪಟ್ಟು ಪಟ್ಟಿಗೂ ಬೆಲೆ ಬರುತ್ತದೆ.

ಆಕ್ಷೇಪಕ್ಕಿಂತ ನನಗೆ ಹೆಚ್ಚು ಅಸಹನೀಯವಾದದ್ದು ಒಂದು ಬಗೆಯ ಮೆಚ್ಚುಗೆ. “ಹೆಂಗಸರಾದರೂ ಚೆನ್ನಾಗಿ ಆಡಿದರು” ಎನ್ನುತ್ತೇವೆ. ನಮ್ಮ ಭಾಷೆಯಲ್ಲಿ ‘ಆದರೂ’ ಎಂಬುದು ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ಗೋಡೆ! ಆ ರಾತ್ರಿ ಎದುರುಮನೆಯವರು ಈ ಮಾತನ್ನೇ ಆಡಿದರು. ಅಕ್ಕ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಅವಳು ಆಗ ನಮ್ಮವಳೊಬ್ಬಳು ಕೈಚೆಲ್ಲಿದ ಕ್ಯಾಚಿಗಾಗಿ ಅವಳನ್ನು ಬಯ್ಯುತ್ತಿದ್ದಳು. “ಚೆಂಡಿನ ಮೇಲೆ ಕಣ್ಣಿಡದೆ ಅತ್ತ ಎಲ್ಲಿ ನೋಡ್ತಿದ್ದೆ?” ಎಂದು ಪರದೆಗೆ ಗದರಿದಳು. ಇಬ್ಬರಲ್ಲಿ ಆಟಗಾರ್ತಿಯರಿಗೆ ಹೆಚ್ಚಿನ ಗೌರವ ತೋರಿದವಳು ಅಕ್ಕನೇ ಎಂದು ನನಗನ್ನಿಸಿತು.

ಆ ಅಂತಿಮ ಪಂದ್ಯದ ದಿನ ಕ್ರೀಡಾಂಗಣದಲ್ಲಿದ್ದವರು 39,555 ಮಂದಿ. ಟೂರ್ನಿಯ ಟಿಕೆಟ್ಟಿನ ಬೆಲೆ ನೂರು ರೂಪಾಯಿಯಿಂದ ಆರಂಭವಾಗಿದ್ದರಿಂದ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಸಂಸಾರ ಸಮೇತ ಹೋಗುವುದು ಸಾಧ್ಯವಾಗಿತ್ತು. ಇನ್ನು ಮನೆಗಳಲ್ಲಿ ನೋಡಿದವರ ಲೆಕ್ಕವನ್ನು ಕೋಟಿಗಳಲ್ಲಿ ಹೇಳುತ್ತಾರೆ. ಆದರೆ ಆ ಲೆಕ್ಕ ಪರದೆಗಳನ್ನು ಎಣಿಸೀತೇ ಹೊರತು ಒಂದು ಪರದೆಯ ಮುಂದೆ ಕುಳಿತವರು ಯಾರೆಂದು ಹೇಳಲಾರದು.

ಮರುದಿನ ಬೆಳಿಗ್ಗೆ ಪತ್ರಿಕೆಯ ಮುಖಪುಟದ ತುಂಬ ಗೆದ್ದವರ ಚಿತ್ರ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದು ಮುಖವನ್ನೂ ನೋಡಿದಳು. ಅವಳಿಗೆ ಸಂತೋಷವಾದೀತೆಂದು ನಾನು, ಅದೇ ವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ಖೊ-ಖೊ ಆಟಕ್ಕೂ ಮೊದಲ ವಿಶ್ವಕಪ್ ನಡೆಯಿತೆಂದೂ, ನಮ್ಮ ಹುಡುಗಿಯರು ನೇಪಾಳದವರನ್ನು 78–40ರಿಂದ ಸೋಲಿಸಿ ಗೆದ್ದರೆಂದೂ, ಆ ತಂಡದಲ್ಲಿ ನಮ್ಮ ಜಿಲ್ಲೆಯ ಚೈತ್ರಾ ಎಂಬ ಹುಡುಗಿ ಇದ್ದಳೆಂದೂ ಹೇಳಿದೆ. ಅಕ್ಕ ಪತ್ರಿಕೆಯನ್ನು ಕೆಳಗಿಟ್ಟಳು.

“ಯಾವೂರಿನ ಹುಡುಗಿ ಅಂದೆ?”

“ಕುರುಬೂರು. ತಿರುಮಕೂಡಲು ನರಸೀಪುರ ತಾಲ್ಲೂಕು.”

“ಅಷ್ಟು ಹತ್ತಿರದವಳೇ! ಟಿ.ವಿ.ಯಲ್ಲಿ ತೋರಿಸಿದರೇನು?”

“ತೋರಿಸಿದರಂತೆ, ಅಕ್ಕ.”

“ನೀನು ನೋಡಿದೆಯಾ?”

ನಾನು ನೋಡಿರಲಿಲ್ಲ.