ಕರಿಬೇವಿನ ಗಿಡದಲ್ಲೊಂದು ಪಾಠ

ಸಿನ್ನರ್: ಹೊರನಾಡ ಕನ್ನಡ ಸಂಘಗಳ ವಿಹಾರಕೂಟವೆಂದರೆ ಆಟ, ಊಟ, ಅಂತ್ಯಾಕ್ಷರಿ. ಈ ಪರಿಸರದ ಕನ್ನಡಿಗರು ಅದಕ್ಕೆ ಒಂದು ಗಂಟೆಯ ಚಿಟ್ಟೆ ವೀಕ್ಷಣೆಯನ್ನೂ ಸೇರಿಸಬಾರದೇಕೆ? ಬೆಂಗಳೂರು ಬಟರ್‌ಫ್ಲೈ ಕ್ಲಬ್‌ನ ಸದಸ್ಯರು ಜೊತೆಯಾಗಿ ನಡೆದು, ಕಂಡ ಚಿಟ್ಟೆಗಳನ್ನು ಗುರುತಿಸಿ ದಾಖಲಿಸುತ್ತಾರೆ. ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ಚಿಟ್ಟೆಗಳಿಗಾಗಿಯೇ ಪಾರ್ಕ್ ಬೆಳೆಸಿದ್ದಾರೆ.

2015ರಲ್ಲಿ ಮಹಾರಾಷ್ಟ್ರವು ಬ್ಲೂ ಮಾರ್ಮನ್ ಅನ್ನು ರಾಜ್ಯ ಚಿಟ್ಟೆಯೆಂದು ಘೋಷಿಸಿತು; ದೇಶದಲ್ಲಿ ಇಂತಹ ಘೋಷಣೆ ಅದೇ ಮೊದಲು. ಅದರ ಮರಿಹುಳುವಿಗೆ ನಿಂಬೆ ಜಾತಿಯ ಎಲೆಯೇ ಆಹಾರ. ಅದೇ ಬಳಗದ ನಿಂಬೆ ಚಿಟ್ಟೆಯಾದರೋ ನಮ್ಮವರ ಮನೆಯಂಗಳದ ಕರಿಬೇವಿನಲ್ಲೂ ಮೊಟ್ಟೆಯಿಡುತ್ತದೆ. ಹಕ್ಕಿಯ ಹಿಕ್ಕೆಯಂತಿರುವ ಮರಿಹುಳು ಕಂಡೊಡನೆ ಔಷಧಿ ಸಿಂಪಡಿಸುವವರೇ ಹೆಚ್ಚು. ಹುಳ ಸತ್ತರೆ ಚಿಟ್ಟೆ ಎಲ್ಲಿಂದ ಬರಬೇಕು?

ಒಗ್ಗರಣೆಗೆ ನಾಲ್ಕೆಲೆ ಕಡಿಮೆಯಾದರೆ ನಷ್ಟವಿಲ್ಲ. ಸಂಘಗಳ ಮಹಿಳಾ ಮತ್ತು ಯುವ ವಿಭಾಗಗಳು ಆ ಹುಳವನ್ನು ಮಕ್ಕಳಿಗೆ ತೋರಿಸಿ ಈ ಕಾರ್ಯಕ್ಕೆ ಚಾಲನೆ ನೀಡಲಿ.